ತಾಡಪತ್ರಿಯೊಳಗೆ ಚಾಲೂ ಇದ್ದ ಗಾಡಿ

ನಮ್ಮ ಹಳೆಯ ಪೆಟ್ರೋಲ್ ಕಾರು ಚಳಿಗಾಲದಲ್ಲಿ ಮನೆಯ ಅಳಿಯನಿಗಿಂತ ಹೆಚ್ಚು ಉಪಚಾರ ಬೇಡುತ್ತಿತ್ತು. ಎರಡು ಸಾವಿರದ ಆರೋ ಏಳೋ ಇಸವಿ. ನಾನು ಕಲಿಸುತ್ತಿದ್ದ ಅಥಣಿಯ ಶಾಲೆಗೆ ಬೆಳಗಿನ ಬಸ್ಸು ಹಿಡಿಯಬೇಕು. ತೋಟದ ಮನೆಯಿಂದ ಕಾಗವಾಡದ ಸ್ಟ್ಯಾಂಡಿನವರೆಗೆ ನನ್ನ ಗಂಡ ಬಿಟ್ಟು ಬರಬೇಕು. ಅದಕ್ಕಾಗಿ ಅವರು ನಸುಕಿನಲ್ಲೇ ಎದ್ದು, ಚೋಕ್ ಎಳೆದು, ಬೈದು, ರಮಿಸಿ ಅದನ್ನು ಚಾಲೂ ಮಾಡುತ್ತಿದ್ದರು. ಎಂಜಿನ್ ಚೆನ್ನಾಗಿ ಬಿಸಿಯಾಗದೆ ಹೊರಟರೆ ನಡುದಾರಿಯಲ್ಲಿ ಕೈಕೊಡುತ್ತಿತ್ತು.

ಆ ಬಿಸಿಯ ನಿಜವಾದ ಗಿರಾಕಿ ನನ್ನ ಅತ್ತೆ. ಮೊಣಕಾಲು ನೋವಿನಿಂದ ಚಳಿಗಾಲವಿಡೀ ಅವರಿಗೆ ನಿದ್ದೆಯಿಲ್ಲ. ಎಂಜಿನ್ ಸಪ್ಪಳ ಕೇಳಿದ್ದೇ ಕೌದಿ ಹೊದ್ದು ಬಂದು, ಮುಂದಿನ ಸೀಟಿನಲ್ಲಿ ಕೂತು, ಹೀಟರಿನ ಗಾಳಿಗೆ ಕಾಲು ಚಾಚುತ್ತಿದ್ದರು. "ಡಾಕ್ಟರ್ ಗುಳಿಗಿಕಿಂತ ಇದ ಛಲೋ ಐತಿ," ಎನ್ನುತ್ತಿದ್ದರು. ಹೊರಡುವ ಹೊತ್ತಿಗೆ ಅವರನ್ನು ಇಳಿಸುವುದೇ ಒಂದು ರಗಳೆ.

ಆ ವರ್ಷ ಗಾಳಿ ಜೋರು. ಕಾರು ನಿಲ್ಲುತ್ತಿದ್ದದ್ದು ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ ಶೆಡ್ಡಿನಲ್ಲಿ. ಅವ್ವನಿಗೆ ಗಾಳಿ ತಾಕಬಾರದೆಂದು ನನ್ನ ಗಂಡ ಒಣದ್ರಾಕ್ಷಿ ಮಾಡುವ ಮನೆಯಲ್ಲಿ ಸುಮ್ಮನೆ ಬಿದ್ದಿದ್ದ ದಪ್ಪ ಪ್ಲಾಸ್ಟಿಕ್ ತಾಡಪತ್ರಿಗಳನ್ನು ತಂದು ಸುತ್ತಲೂ ಬಿಗಿದರು. ಹಣ್ಣಿಗೆ ಗಂಧಕದ ಹೊಗೆ ಕೊಡುವಾಗ ಅದೇ ತಾಡಪತ್ರಿ ಮುಚ್ಚುತ್ತಿದ್ದ ಮನುಷ್ಯ, ಅದನ್ನು ಬಿಚ್ಚಿ ಗಾಳಿಯಾಡುವ ತನಕ ಆಳುಗಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಗಂಧಕ ಮೂಗು ಸುಡುತ್ತದೆ. ಅದಕ್ಕೆ ಹೆದರುವುದು ಗೊತ್ತಿತ್ತು. ಕಾರಿನ ಹೊಗೆಯನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ನನಗೆ ಮಾತ್ರ ಆ ತಾಡಪತ್ರಿಯೊಳಗೆ ಕಾಲಿಟ್ಟರೆ ಎದೆ ಹಿಡಿದಂತಾಗುತ್ತಿತ್ತು. ಹೇಳಿದರೆ ತಾಯಿ ಮಗ ಇಬ್ಬರೂ ನಕ್ಕರು. "ನಿನಗ ಎಲ್ಲಾದಕ್ಕೂ ಅಂಜಿಕಿ," ಎಂದರು ಅತ್ತೆ.

ಒಂದು ಬೆಳಿಗ್ಗೆ ನನ್ನ ಗಂಡ ಗಾಡಿ ಚಾಲೂ ಮಾಡಿ, ಅತ್ತೆಯನ್ನು ಕೂರಿಸಿ, ಎದುರಿನ ತಾಡಪತ್ರಿಯನ್ನೂ ಇಳಿಬಿಟ್ಟರು. ಅಷ್ಟರಲ್ಲಿ ತ್ರೀಫೇಸ್ ಕರೆಂಟು ಬಂತು. ಮೋಟಾರ್ ಹಾಕಲು ಬಾವಿಗೆ ಓಡಿದರು. ನಾನು ರೊಟ್ಟಿ ಬಡಿಯುತ್ತಿದ್ದೆ. ಬುತ್ತಿ ಕಟ್ಟಿಕೊಂಡು, ಚಹಾ ಹಿಡಿದು ಹೊರಗೆ ಬಂದಾಗ ಎಂಜಿನ್ ಓಡುತ್ತಲೇ ಇತ್ತು. ಗಂಡ ಇನ್ನೂ ಬಂದಿರಲಿಲ್ಲ. ದಿನಾ ನನ್ನ ಹೆಜ್ಜೆ ಕೇಳಿದೊಡನೆ "ಚಾ ತಂದಿಯೇನ?" ಎಂದು ಕೂಗುವ ಅತ್ತೆ ಅಂದು ಕೂಗಲಿಲ್ಲ.

ತಾಡಪತ್ರಿ ಸರಿಸಿದೆ. ತಲೆ ಗಿಮ್ಮೆಂದಿತು. ಅತ್ತೆ ಗಾಜಿಗೆ ತಲೆ ಆನಿಸಿ ಮಲಗಿದ್ದರು. ಮುಖ ಕೆಂಪಗೆ, ಲಕ್ಷಣವಾಗಿತ್ತು. ಗಾಜು ಬಡಿದೆ. ಇನ್ನೂ ಜೋರಾಗಿ ಬಡಿದೆ. ಬಾಗಿಲು ತೆಗೆದರೆ ಮೈ ನನ್ನ ಮೇಲೆ ವಾಲಿತು. ಜೀವವಿದ್ದವರು ಇಷ್ಟು ಭಾರ ಇರುವುದಿಲ್ಲ ಅನ್ನಿಸಿತು. ಬಗಲಿಗೆ ಕೈಹಾಕಿ ಅಂಗಳಕ್ಕೆ ಎಳೆದು ತಂದೆ, ಕೆನ್ನೆಗೆ ಹೊಡೆದೆ. ಅತ್ತೆಯ ಕೆನ್ನೆಗೆ!

"ಅತ್ತೀ, ಏಳ್ರಿ! ಏಳ್ರಿ ಅತ್ತೀ!"

ನನ್ನ ಕೂಗಿಗೆ ಗಂಡ ಕೆಸರುಗಾಲಲ್ಲೇ ಓಡಿಬಂದರು. ತಾಯಿಯನ್ನು ಮುಟ್ಟುವ ಧೈರ್ಯ ಅವರಿಗಾಗಲಿಲ್ಲ. "ಉಸರ ಐತೇನ?" ಎಂದು ನನ್ನನ್ನೇ ಕೇಳಿದರು. ಮೂಗಿನ ಬಳಿ ಬೆರಳು ಹಿಡಿದೆ. ಬೀಸುವ ಗಾಳಿಯಲ್ಲಿ ಏನೂ ತಿಳಿಯಲಿಲ್ಲ.

ಕೊನೆಗೆ ಅತ್ತೆ ವಾಂತಿ ಮಾಡಿಕೊಂಡರು. ವಾಂತಿ ಕಂಡು ನಾನು ದೇವರಿಗೆ ಕೈಮುಗಿದದ್ದು ಅದೊಂದೇ ಸಲ. ಅದೇ ಕಾರಿನಲ್ಲಿ, ಎಲ್ಲ ಗಾಜು ಇಳಿಸಿ, ಮಿರಜಿಗೆ ಓಡಿದೆವು. ಆಕ್ಸಿಜನ್ ಹಚ್ಚಿದ ಡಾಕ್ಟರು "ಇನ್ನೊಂದ್ ಸ್ವಲ್ಪ ತಡಾ ಆಗಿದ್ರ" ಎಂದು ಮಾತು ಅಲ್ಲಿಗೇ ಬಿಟ್ಟರು. ಅತ್ತೆಯನ್ನು ಮನೆಗೆ ಕರೆತಂದ ದಿನ ನನ್ನ ಗಂಡ ಆ ತಾಡಪತ್ರಿಗಳನ್ನು ಕುಡುಗೋಲಿನಿಂದ ಹರಿದುಹಾಕಿದರು.

ಅದಾಗಿ ಒಂದು ಸಂಜೆ ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ.

"ಅವತ್ತ ಗಾಡ್ಯಾಗ ಎಷ್ಟ ಚಂದ ನಿದ್ದಿ ಹತ್ತಿತ್ತವ್ವಾ," ಎಂದರು. "ನೋವ ಅನ್ನೂದ ಗೊತ್ತಾಗಲಿಲ್ಲ. ಯಾಕ ಎಬ್ಬಿಸಿದಿ?"

ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ಹೊಗೆಯಿಂದ ಎಳೆದು ತಂದಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಮರುದಿನ ನಸುಕಿನಲ್ಲಿ ಎದ್ದು ನೋಡಿದರೆ ಅತ್ತೆ ಹಾಸಿಗೆಯಲ್ಲಿರಲಿಲ್ಲ. ಶೆಡ್ಡಿಗೆ ಓಡಿದೆ. ಇನ್ನೂ ಚಾಲೂ ಮಾಡದ ಕಾರಿನಲ್ಲಿ, ಗಾಜು ಏರಿಸಿಕೊಂಡು, ಕೌದಿ ಹೊದ್ದು ಕಾಯುತ್ತಾ ಕೂತಿದ್ದರು.