ತತ್ತಿಗೆ ಕಾವು ಕೊಡುತ್ತ ಪಾರ್ಸಲ್ ಕಾದದ್ದು

ಕೋಳಿಮರಿ ಮಾಡಿಸುವ ಪೆಟ್ಟಿಗೆಯೊಂದನ್ನು ಕಳೆದ ವರ್ಷ ಮನೆಗೆ ತಂದೆ. ಥರ್ಮೋಕೋಲಿನ ಡಬ್ಬಿ, ಒಳಗೊಂದು ಬಲ್ಬು, ಸಣ್ಣ ಫ್ಯಾನು, ಥರ್ಮಾಮೀಟರು, ಶಾಖ ಏರಿದರೆ ಬಲ್ಬನ್ನು ತಾನೇ ಆರಿಸಿ ಇಳಿದರೆ ತಾನೇ ಹೊತ್ತಿಸುವ ಒಂದು ಮೀಟರು; ಇಷ್ಟೇ ಅದರ ಸಂಸಾರ. ನಮ್ಮೂರು ಯಲವಿಗಿ ಸ್ಟೇಷನ್ನಿನಿಂದ ಹೆಚ್ಚು ದೂರವಿಲ್ಲ. ಓಣಿಯ ಹೆಂಗಸರು ತಮ್ಮ ಜವಾರಿ ಕೋಳಿಗಳ ತತ್ತಿ ತಂದು ಕೊಡುತ್ತಿದ್ದರು. ಮರಿಯಾದ ಮೇಲೆ ಅರ್ಧ ಅವರಿಗೆ, ಅರ್ಧ ನನಗೆ. ಅತ್ತೆಗೆ ಮಾತ್ರ ಆ ಪೆಟ್ಟಿಗೆ ಕಂಡರೆ ಆಗುತ್ತಿರಲಿಲ್ಲ. ಕೋಳಿ ಕೂತು ಮಾಡುವ ಕೆಲಸವನ್ನು ಕರೆಂಟು ಮಾಡೀತೇ ಎಂದು ಬಂದವರ ಮುಂದೆಲ್ಲ ಕೇಳುತ್ತಿದ್ದರು.

ಮೂರನೆಯ ಸಲ ತತ್ತಿ ಇಟ್ಟಿದ್ದೆ. ಮರಿಗಳು ಒಡೆದು ಬರಲು ಇನ್ನೆರಡು ಮೂರು ದಿನವಿರುವಾಗ ಆ ಮೀಟರು ಕೆಟ್ಟಿತು. ಹೊತ್ತಿದ ಬಲ್ಬು ಆರಲೇ ಇಲ್ಲ. ಥರ್ಮಾಮೀಟರಿನಲ್ಲಿ ಶಾಖ ಮಿತಿ ದಾಟಿತ್ತು. ಕೂಡಲೇ ಪ್ಲಗ್ಗು ಕಿತ್ತೆ. ಸವಣೂರಿನ ಅಂಗಡಿಗಳಲ್ಲಿ ಆ ಮೀಟರು ಸಿಗಲಿಲ್ಲ. ಹಾನಗಲ್ಲಿನಲ್ಲಿರುವ ಅಕ್ಕ ಅಲ್ಲಿಯೂ ವಿಚಾರಿಸಿ ಇಲ್ಲವೆಂದಳು. ಕೊನೆಗೆ ಫೋನಿನಲ್ಲೇ ಆರ್ಡರ್ ಮಾಡಿದೆ. ನಾಳೆ ಮನೆಗೆ ತಲುಪುತ್ತದೆ ಎಂದು ಮೆಸೇಜು ಬಂತು.

ಅಲ್ಲಿಯವರೆಗೆ ಆ ಮೀಟರಿನ ಕೆಲಸ ನನ್ನದಾಯಿತು. ಶಾಖ ಇಳಿದರೆ ಸ್ವಿಚ್ಚು ಹಾಕಬೇಕು, ಏರಿದರೆ ತೆಗೆಯಬೇಕು. ರಾತ್ರಿ ನಾನೂ ನಮ್ಮ ಮನೆಯವರೂ ಸರದಿಯಲ್ಲಿ ಕೂತೆವು. ಬೆಳಗ್ಗೆ ಅವರು ಗೌಂಡಿ ಕೆಲಸಕ್ಕೆ ಶಿಗ್ಗಾವಿಗೆ ಹೋದರು. ನಾನು ಬೀದಿ ಬಾಗಿಲು ತೆರೆದಿಟ್ಟು, ಮಗ್ಗುಲಲ್ಲಿ ಫೋನಿಟ್ಟುಕೊಂಡು ಪೆಟ್ಟಿಗೆಯ ಮುಂದೆ ಕೂತೆ. ಹೊರಗೆ ಬೈಕಿನ ಸದ್ದಾದರೆ ಸಾಕು, ಹೊಸ್ತಿಲಿಗೆ ಓಡುವುದು. ಅದು ಮುಂದೆ ಹೋದರೆ ಮತ್ತೆ ಪೆಟ್ಟಿಗೆಯತ್ತ ಓಡುವುದು. ಸ್ನಾನವಿಲ್ಲ, ಒಲೆ ಹೊತ್ತಿಸಿರಲಿಲ್ಲ. ಅತ್ತೆ ನಿನ್ನೆಯ ರೊಟ್ಟಿಯನ್ನು ಮೊಸರಿಗೆ ಮುರಿದು ತಿಂದರು. ಬೈದಿದ್ದರೆ ತಾಳಿಕೊಳ್ಳಬಹುದಿತ್ತು.

ಮಧ್ಯಾಹ್ನ ಫೋನು ಸದ್ದು ಮಾಡಿತು. ಮನೆಯಲ್ಲಿ ಯಾರೂ ಇರಲಿಲ್ಲ, ಪಾರ್ಸಲ್ ಕೊಡಲಾಗಲಿಲ್ಲ ಎಂದಿತ್ತು. ಮತ್ತೊಮ್ಮೆ ಓದಿದೆ. ಸಿಟ್ಟಿನಿಂದ ಅದರಲ್ಲಿದ್ದ ನಂಬರಿಗೆ ಫೋನು ಹಚ್ಚುತ್ತಲೇ ಹೋದೆ. ಬಹಳ ಹೊತ್ತಿನ ಮೇಲೆ ಪಾರ್ಸಲ್ಲಿನವನು ಎತ್ತಿದ.

“ಮುಂಜಾನಿಂದ ಬಾಗಲಾ ತಗದು ಇಲ್ಲೇ ಕುಂತೇನಿ. ಯಾರೂ ಇಲ್ಲಂತ ಹ್ಯಾಂಗ ಬರದ್ರಿ?” ಎಂದೆ.

“ರೋಡಿನ ತನಕ ಬಂದಿದ್ನಿರಿ ಅಕ್ಕಾರ, ನಿಮ್ಮ ಓಣಿ ಸಿಗಲಿಲ್ಲ. ಈಗ ಸವಣೂರಾಗ ಅದೇನಿ. ಸಂಜಿ ಗಾಡಿ ಬರೂದ್ರೊಳಗ ಬಂದು ಒಯ್ರಿ, ಇಲ್ಲಾಂದ್ರ ಮಾಲು ಹೊಳ್ಳಿ ಹೋಗ್ತೈತಿ.”

ಒಂದು ಫೋನಾದರೂ ಮಾಡಬಾರದಿತ್ತೇ ಎಂದು ಕೇಳುವಷ್ಟರಲ್ಲಿ ಇಟ್ಟುಬಿಟ್ಟ. ನಮ್ಮ ಮನೆಯವರು ಕೆಲಸದ ಮೇಲಿದ್ದಾಗ ಫೋನು ಎತ್ತುವುದಿಲ್ಲ. ಬೇರೆ ದಾರಿಯಿರಲಿಲ್ಲ. ಅತ್ತೆಗೆ ಸ್ವಿಚ್ಚು ತೋರಿಸಿದೆ, ಥರ್ಮಾಮೀಟರಿನ ಯಾವ ಗೆರೆ ದಾಟಬಾರದೆಂದು ತೋರಿಸಿದೆ, ನಾನು ಬರುವ ತನಕ ನೋಡಿಕೊಳ್ಳಿರೆಂದು ಬೇಡಿಕೊಂಡೆ. ಅವರು ಮಣೆ ಎಳೆದುಕೊಂಡು ಪೆಟ್ಟಿಗೆಯ ಮುಂದೆ ಕೂತರು.

ಟಂಟಂ ಆಟೋದವನು ಸೀಟು ತುಂಬುವ ತನಕ ಬಿಡಲಿಲ್ಲ. ಬಿಟ್ಟ ಮೇಲೆ ರೈಲ್ವೆ ಗೇಟು ಬಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳು ಮುಗಿಯುವಂತೆಯೇ ಕಾಣಲಿಲ್ಲ. ಕೂತಲ್ಲೇ ಆ ಮನುಷ್ಯನಿಗೆ ಏನೇನು ಅನ್ನಬೇಕೆಂದು ಜೋಡಿಸಿಕೊಂಡೆ. ಸವಣೂರಿನಲ್ಲಿ ಪಾರ್ಸಲ್ ಆಫೀಸೆಂದರೆ ಒಂದು ಶಟರಿನ ಮಳಿಗೆ. ಪಾರ್ಸಲ್ ಒಯ್ಯುವ ಗಾಡಿ ಆಗಲೇ ಬಂದು ನಿಂತಿತ್ತು, ಡಬ್ಬಿಗಳನ್ನು ಏರಿಸುತ್ತಿದ್ದರು. ಅವನು ರಾಶಿಯೊಳಗೆ ಕೈಹಾಕಿ ನನ್ನದನ್ನು ಎಳೆದು, ಓಟಿಪಿ ಕೇಳಿದ. ಓಟಿಪಿ ಬರಲಿಲ್ಲ. ಫೋನನ್ನು ಎತ್ತಿ ಹಿಡಿದು ರಸ್ತೆಯ ನಡುವೆ ನಿಂತೆ. ಅದು ಬರುವಷ್ಟರಲ್ಲಿ ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಮರೆತೇ ಹೋಗಿದ್ದವು. ಡಬ್ಬಿ ಕಸಿದುಕೊಂಡು ಓಡಿದೆ.

ಊರೊಳಗೆ ಇಳಿದಾಗ ಹಿಟ್ಟಿನ ಗಿರಣಿಯ ಸದ್ದಿರಲಿಲ್ಲ. ಕರೆಂಟು ಹೋಗಿದೆ ಎಂದು ಅಲ್ಲೇ ತಿಳಿಯಿತು. ಮನೆಗೆ ಬಂದರೆ ಬಾಗಿಲು ಒಳಗಿನಿಂದ ಹಾಕಿತ್ತು. ಬಡಿದೆ, ಕೂಗಿದೆ. ಎಷ್ಟೋ ಹೊತ್ತಿನ ಮೇಲೆ ಹಿತ್ತಲಿನಿಂದ ಬಾ ಎಂದು ಒಳಗಿಂದ ಅತ್ತೆಯ ದನಿ ಕೇಳಿತು. ಪಕ್ಕದವರ ಅಂಗಳ ದಾಟಿ, ಹಿತ್ತಲ ಬಾಗಿಲು ನೂಕಿ ಒಳಗೆ ಹೋದೆ.

ಪೆಟ್ಟಿಗೆ ಬರಿದಾಗಿತ್ತು. ಅತ್ತೆ ಗೋಡೆಗೆ ಬೆನ್ನು ಕೊಟ್ಟು, ಆ ಸೆಕೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಗಾಳಿ ತಾಗದಂತೆ ಕಿಟಕಿಗಳನ್ನೂ ಮುಚ್ಚಿದ್ದರು.

“ಎದ್ದು ಬಾಗಲಾ ಹ್ಯಾಂಗ ತಗೀಲಿ? ಉಡಿ ತುಂಬ ತತ್ತಿ ಅದಾವು,” ಎಂದರು. ಆಮೇಲೆ ದನಿ ಇಳಿಸಿ, “ಒಂದು ಒಳಗಿಂದ ಕುಟ್ಟಾಕತ್ತೈತಿ. ಕೈ ಇಟ್ಟು ನೋಡ,” ಎಂದರು.

ಕಂಬಳಿಯೊಳಗೆ ಕೈಯಿಟ್ಟೆ. ಬೆಚ್ಚನೆಯ ತತ್ತಿಯ ಗೋಡೆಗೆ ಯಾರೋ ಉಗುರಿನಿಂದ ತಟ್ಟಿದಂತಾಯಿತು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು.

ದೀಪ ಹಚ್ಚುವ ಹೊತ್ತಿಗೆ ಕರೆಂಟು ಬಂತು. ನಮ್ಮ ಮನೆಯವರು ಬಂದು ಹೊಸ ಮೀಟರು ಜೋಡಿಸಿದರು. ಮರುದಿನದಿಂದ ಮರಿಗಳು ಒಂದೊಂದಾಗಿ ಹೊರಬಂದವು. ಆದರೆ ಎಲ್ಲವೂ ಬರಲಿಲ್ಲ. ಕೆಲವು ತತ್ತಿಗಳು ಒಡೆಯದೆ ಉಳಿದವು. ಬಲ್ಬು ಆರದ ಹೊತ್ತಿನಲ್ಲಿ ಸತ್ತವೋ ಕರೆಂಟು ಹೋದಾಗ ಸತ್ತವೋ ಗೊತ್ತಾಗಲಿಲ್ಲ. ಓಣಿಯವರ ಪಾಲನ್ನು ಮೊದಲು ಕೊಟ್ಟೆ. ಒಬ್ಬಾಕೆ ಮುಖ ಸಿಂಡರಿಸಿಕೊಂಡು ಮರಿ ಒಯ್ದವಳು ಇಂದಿಗೂ ತತ್ತಿ ತಂದಿಲ್ಲ.

ಉಡಿಯಲ್ಲಿ ತತ್ತಿ ಹೊತ್ತು ಕೂತ ದಿನ ಅತ್ತೆಗೆ ಕಾಲು ಜೋಮು ಹಿಡಿದು ಏಳಲಾಗಲಿಲ್ಲ. ಎಣ್ಣೆ ಹಚ್ಚಿ ತಿಕ್ಕುತ್ತ ಕೂತೆ. ಪೆಟ್ಟಿಗೆಯ ಬಗ್ಗೆ ಏನಾದರೂ ಅಂದಾರೆಂದು ತಲೆ ತಗ್ಗಿಸಿದ್ದೆ.

“ಇನ್ನೊಮ್ಮೆ ಮೀಟರ ತರಸೂದಾದ್ರ ಎರಡ ತರಸ,” ಎಂದಷ್ಟೇ ಹೇಳಿ ಇನ್ನೊಂದು ಕಾಲು ಚಾಚಿದರು.