ಕುಂಬಳದ ಗದ್ದುಗೆ

ಇವತ್ತು ಬೆಳಗ್ಗೆ ಹೆಂಡತಿ ಈಳಿಗೆಮಣೆಯ ಮುಂದೆ ಕೂತು ಸಿಹಿಗುಂಬಳ ಹೆಚ್ಚುತ್ತಿದ್ದಳು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿ ಮೀಸೆಗೆ ಹೋಯಿತು. ಯಾಕೆಂದು ನಿಮಗೆ ಹೇಳಲೇಬೇಕು. ಹೇಳುವುದೆಲ್ಲ ಹಾಗೆಯೇ ನಡೆಯಿತೆಂದು ಮಾತ್ರ ಪ್ರಮಾಣ ಮಾಡಲಾರೆ.

ಮಹಾರಾಜರ ಕಾಲ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಕೊರಟಗೆರೆಗೆ ಮರಳಿದ್ದೆ. ಪುರಾವೆಯಿಲ್ಲದೆ ಏನನ್ನೂ ನಂಬಬಾರದೆಂಬ ಒಂದೇ ಒಂದು ಪಾಠವನ್ನು ಅಲ್ಲಿ ಕಲಿತು, ಅದನ್ನು ಮನೆಮಂದಿಯ ಮೇಲೆಲ್ಲ ಪ್ರಯೋಗಿಸುತ್ತಿದ್ದೆ. ಜೊತೆಗೊಂದು ಚೂಪು ಮೀಸೆ. ಮಧುಗಿರಿಯಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದುದರಿಂದ ಅದಕ್ಕೆ ದಿನವೂ ಎಣ್ಣೆಯ ಉಪಚಾರ.

ನಮ್ಮ ಹಿತ್ತಲೆಲ್ಲ ಬಂಡೆ. ಗುದ್ದಲಿ ಹಾಕಿದರೆ ಕಿಡಿ ಹಾರುತ್ತಿತ್ತು. ನನ್ನನ್ನು ಸಾಕಿದ ದೊಡ್ಡಮ್ಮ ಆ ಬಂಡೆಯ ಮೇಲೇ ಲಡ್ಡಾಗಿ ಪುಡಿಯುದುರುವ ಜಂತೆ, ಮುರಿದ ನೊಗ, ಹೊಂಗೆ ಕೊಂಬೆಗಳನ್ನು ಪೇರಿಸಿ, ಸಂದಿಗೆ ಸೊಪ್ಪು ಸಗಣಿ ತುರುಕಿ, ಮೇಲೆ ಕೆರೆಯ ಗೋಡುಮಣ್ಣು ಸುರಿದು, ಕುಂಬಳದ ಬೀಜ ಊರಲು ಆಳುದ್ದದ ದಿಬ್ಬ ಕಟ್ಟಿದಳು. ನನ್ನ ಕಾಲೇಜಿನ ಮರದ ಪೆಟ್ಟಿಗೆಯೂ ಅದರ ಹೊಟ್ಟೆ ಸೇರಿತು.

"ಗೆದ್ದಲು ಬರ್ತವೆ ದೊಡ್ಡಮ್ಮ," ಎಂದೆ.

"ಬರ್ಲಿ ಬುಡು. ಲಡ್ಡು ಮರ ನೀರು ಕುಡ್ದು ಮಡಿಕ್ಕೊಂತದೆ ಕಣ್ಲಾ. ಬ್ಯಾಸಿಗೇಲೂ ಬೇರಿಗೆ ತಂಪು."

"ಒಂದು ಕಾಯಿ ಬಿಟ್ಟರೂ ನನ್ನ ಅರ್ಧ ಮೀಸೆ ತೆಗೀತೀನಿ."

"ಕಾಯಿ ಕಂಡ ಗಳಿಗೇಲೇ ತೆಗೀಬೇಕು. ಆಮ್ಯಾಕೆ ಇಂಗ್ಲೀಷ್ ಮಾತಾಡ್ಬ್ಯಾಡ!"

ಬಳ್ಳಿ ದಿಬ್ಬವನ್ನೆಲ್ಲ ಮುಚ್ಚಿತು. ದೃಷ್ಟಿಯಾಗದಿರಲೆಂದು ದೊಡ್ಡಮ್ಮ ಅದರ ತಲೆಯ ಕಡೆ ಒಂದು ಕಲ್ಲು ನಿಲ್ಲಿಸಿ ಮೂರು ಗೀರು ವಿಭೂತಿ ಬಳಿದಳು. ಹೂವು ನೂರು, ಕಾಯಿ ಸೊನ್ನೆ. ನಾನು ದಿನವೂ ಮೀಸೆ ತಿರುವಿಕೊಂಡು ದಿಬ್ಬವನ್ನು ಒಂದು ಸುತ್ತು ಹಾಕುತ್ತಿದ್ದೆ.

ಕೊನೆಗೆ ಹೆಣ್ಣಿನ ತಂದೆ ಬಂದರು. ದೈವಭಕ್ತರು. ಮನೆ ನೋಡುತ್ತ ಹಿತ್ತಲಿಗೆ ಹೋದವರು ವಿಭೂತಿಯ ಕಲ್ಲನ್ನೂ ಆಳುದ್ದದ ದಿಬ್ಬವನ್ನೂ ಕಂಡು, ಯಾರೋ ಹಿರಿಯ ಶರಣರ ಸಮಾಧಿಯೆಂದು ತಿಳಿದು ಮೆಟ್ಟು ಬಿಟ್ಟರು, ಮಂಡಿಯೂರಿದರು, ಭಕ್ತಿಯಿಂದ ಎಲೆಗಳ ಮೇಲೆ ಹಣೆ ಇಟ್ಟರು. ಧಡ್!

"ಯಾರ ಗದ್ದುಗೆ ತಾಯಿ ಇದು? ಏನೋ ಹಣೆಗೆ ಬಡೀತಲ್ಲ!"

ದೊಡ್ಡಮ್ಮ ಎಲೆ ಸರಿಸಿದಳು. ಕೆಳಗೆ ಬಿಂದಿಗೆ ಗಾತ್ರದ ಕುಂಬಳ!

"ಗದ್ದುಗೆ ಅಲ್ಲ ಕಣಪ್ಪ, ಕುಂಬಳದ ಪಾತಿ! ಲೇ, ಬಾರ್ಲಾ ಈಚೆಗೆ, ಕತ್ತರಿ ತತ್ತೀನಿ!"

"ಅವರು ಹೋಗ್ಲಿ ದೊಡ್ಡಮ್ಮ..." ಎಂದು ಹಿತ್ತಲ ಬಾಗಿಲಿಗೆ ಬಂದು ಪಿಸುಗುಟ್ಟಿದೆ. ಅರ್ಧ ಮೀಸೆಯವನಿಗೆ ಯಾರು ಹೆಣ್ಣು ಕೊಡುತ್ತಾರೆ? ಅಷ್ಟರಲ್ಲಿ ದೊಡ್ಡಮ್ಮನಿಂದ ಪಣದ ಸಂಗತಿಯನ್ನೆಲ್ಲ ಕೇಳಿಸಿಕೊಂಡ ಅವರು ಹಣೆ ತಿಕ್ಕಿಕೊಂಡು, "ಮಾತು ಉಳಿಸ್ಕೊಳ್ಳೋ ಗಂಡೋ ಅಲ್ವೋ, ಇಲ್ಲೇ ನೋಡ್ಬುಡಾನ. ಮೀಸೆ ಬೆಳ್ಕೊಂತದೆ," ಎಂದರು. ಕೂತೆ. ಕಚಕ್ ಎಂದಿತು. ಅವರು ನಕ್ಕ ರಭಸಕ್ಕೆ ಪೇಟ ಜಾರಿ ಕುಂಬಳದ ಮೇಲೆ ಕೂತಿತು. ಮದುವೆ ಗೊತ್ತಾಯಿತು.

ಈಗ ಯೋಚಿಸಿದರೆ ಅನುಮಾನ. ಅವರು ಹಣೆ ಇಡುವಾಗ ನಾನು ಕೋಣೆಯಲ್ಲಿ ಮೀಸೆ ಬಾಚುತ್ತಿದ್ದೆ. ಆ ಕೋಣೆಯ ಕಿಟಕಿ ಬೀದಿಯ ಕಡೆಗಿತ್ತು. ಹಾಗಾದರೆ ನಾನು ಕಂಡದ್ದೇನು? ಹೆಂಡತಿಯನ್ನು ಕೇಳಿದರೆ, "ಅರ್ಧ ಎಲ್ಲಿ ಬಂತು? ಪೂರ್ತಿ ತೆಗೆದಿದ್ರು ಅಂತ ನಮ್ಮಪ್ಪ ಹೇಳಿದ್ರು," ಎಂದಳು. ಪುರಾವೆ ಯಾರ ಹತ್ತಿರವೂ ಇಲ್ಲ.

ತಿರುಳಿನಿಂದ ಬೀಜ ಆರಿಸಿಕೊಂಡು, ಮೂಲೆಯಲ್ಲಿದ್ದ ಹುಳುಕು ಬೆಂಚನ್ನು ಹಿತ್ತಲಿಗೆ ಎಳೆದೆ.

"ಇದರಲ್ಲಿ ಕಾಯಿ ಬಿಡ್ತದಾ?" ಎಂದಳು.

"ಬಿಡದಿದ್ದರೆ ಮೀಸೆ ತೆಗೀತೀನಿ!"

"ಅರ್ಧವೋ ಪೂರ್ತಿಯೋ, ಈ ಸಲ ಬರೆದಿಡಿ," ಎಂದು ಪೆನ್ಸಿಲ್ ತಂದುಕೊಟ್ಟಳು.