ಪಕ್ಕದ ಮನೆಗೆ ಎಳೆದ ಕೇಬಲ್

ಬ್ಯಾಂಕಿನವರು ನನ್ನನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿದಾಗ ನನ್ನ ಗಂಡ ಇನ್ನೊಂದು ಬ್ಯಾಂಕಿನ ವಿಜಯವಾಡದ ಗವರ್ನರ್‌ಪೇಟೆ ಶಾಖೆಯಲ್ಲಿದ್ದರು. ಗವರ್ನರ್‌ಪೇಟೆಯ ಆ ಗದ್ದಲ ಬಿಟ್ಟು ಶನಿವಾರ ನಮ್ಮಲ್ಲಿಗೆ ಬಂದು, ಭಾನುವಾರ ಸಂಜೆಯ ರೈಲಿಗೆ ಹೊರಟುಬಿಡುತ್ತಿದ್ದರು. ಉಳಿದ ದಿನಗಳಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ನಾನು ಮತ್ತು ಹತ್ತು ವರ್ಷದ ಮಗಳು ಇಬ್ಬರೇ.

ಪಕ್ಕದ ಮನೆಯಲ್ಲಿ ಧಾರವಾಡದ ಕಡೆಯ ನಿವೃತ್ತ ದಂಪತಿ ಇದ್ದರು. ನಾನು ಮಗಳನ್ನು ಕನ್ನಡದಲ್ಲಿ ಬೈಯುವುದು ಕೇಳಿಸಿ ಅವರೇ ಬಾಗಿಲು ತಟ್ಟಿದ್ದರು. "ಕಾಕಾ ಅನ್ರಿ, ಸರ್ ಗಿರ್ ಬ್ಯಾಡ," ಎಂದರು ಯಜಮಾನರು. ಅವರ ಕಂಪ್ಯೂಟರಿನಲ್ಲಿ ಹಳೆಯ ಕನ್ನಡ ಹಾಡು, ರೇಡಿಯೊ ನಾಟಕಗಳು ರಾಶಿಗಟ್ಟಲೆ ಇದ್ದವು. ನನ್ನ ಮಗಳಿಗೋ ಮನೆಯಲ್ಲಿ ನೀರು ಕೇಳುವಾಗಲೂ ತೆಲುಗಿನ "ನೀಳ್ಳು" ಎಂದೇ ಬಾಯಿಗೆ ಬರುತ್ತಿತ್ತು. ಅವಳ ಕಿವಿಗೆ ಒಂದಿಷ್ಟು ಕನ್ನಡ ಬೀಳಲಿ ಎಂಬ ಆಸೆ ನನಗೆ.

"ಪೆನ್‌ಡ್ರೈವ್ ತಗೊಂಡು ಎಷ್ಟು ಸಲ ಓಡಾಡ್ತೀರಿ? ಒಂದು ಕೇಬಲ್ ಎಳದ್ರ ಎರಡೂ ಕಂಪ್ಯೂಟರ್ ಜೋಡಿಸಬಹುದು," ಎಂದರು ಕಾಕಾ. ಎರಡು ಬಾಲ್ಕನಿಗಳ ಗ್ರಿಲ್ಲಿನಿಂದ ನೀಲಿ ಕೇಬಲ್ ತೂರಿಸಿ, ಅವರೇ ನನ್ನ ಕಂಪ್ಯೂಟರಿನ ಮುಂದೆ ಕೂತು ಎಲ್ಲ ಸರಿಮಾಡಿದರು. ಒಂದೊಂದೇ ಫೋಲ್ಡರ್ ಶೇರ್ ಮಾಡುವುದು ಕಿರಿಕಿರಿ, ಪೂರ್ತಿ ಡ್ರೈವೇ ಕೊಟ್ಟುಬಿಡೋಣ ಎಂದರು. ಅದರ ಅರ್ಥವೇನೆಂದು ಯೋಚಿಸದೆ ನಾನು ಹೂಂ ಎಂದೆ. ಅವರ ಕಡೆಯಿಂದ ನನಗೆ ಕಾಣುತ್ತಿದ್ದುದು ಹಾಡುಗಳ ಒಂದೇ ಫೋಲ್ಡರು. ಅದೂ ಆಗ ವಿಚಿತ್ರ ಅನಿಸಲಿಲ್ಲ.

ಒಂದು ಶುಕ್ರವಾರ ಗಂಡ ಬರಲಾಗುವುದಿಲ್ಲ ಎಂದರು. ಅವರ ಟಿಕೆಟ್ ರದ್ದು ಮಾಡಿ, ಮುಂದಿನ ವಾರದ್ದನ್ನು ಬುಕ್ ಮಾಡಿ ಕಂಪ್ಯೂಟರಿನಲ್ಲಿ ಉಳಿಸಿದೆ. ಮರುದಿನ ಬೆಳಿಗ್ಗೆ ಲಿಫ್ಟಿನಲ್ಲಿ ಕಾಕಾ, "ಯಜಮಾನ್ರು ಈ ವಾರ ಬರಂಗಿಲ್ಲಲ್ಲ? ಪಾಪ, ಇಬ್ರೇ ಇರ್ತೀರಿ," ಎಂದರು. ಮಗಳು ಹೇಳಿರಬೇಕು ಅಂದುಕೊಂಡೆ. ಸಂಜೆ ಕೇಳಿದರೆ, "ನಾನು ಅವರ ಹತ್ರ ಮಾತೇ ಆಡಲ್ಲಮ್ಮ," ಎಂದಳು. ಯಾಕೆ ಎಂದು ಕೇಳಿದ್ದಕ್ಕೆ ಭುಜ ಕುಣಿಸಿ ಒಳಗೆ ಹೋದಳು.

ಎರಡು ವಾರ ಕಳೆದ ಮೇಲೆ ವಿಜಯವಾಡಕ್ಕೆ ವರ್ಗ ಕೋರಿ ಅರ್ಜಿಯೊಂದನ್ನು ಟೈಪ್ ಮಾಡಿಟ್ಟೆ. ಗಂಡನಿಗೂ ಹೇಳಿರಲಿಲ್ಲ. ಭಾನುವಾರ ಮಧ್ಯಾಹ್ನ ಬಟ್ಟೆ ಒಣಹಾಕುತ್ತಿದ್ದಾಗ ಪಕ್ಕದ ಬಾಲ್ಕನಿಯಿಂದ ದನಿ ಬಂತು. "ವಿಜಯವಾಡ ಬ್ಯಾಡ್ರಿ ತಂಗಿ. ಆ ಬಿಸಿಲು ಮಗಳಿಗೆ ಆಗಂಗಿಲ್ಲ."

ಕೈಯಲ್ಲಿದ್ದ ಒದ್ದೆ ಸೀರೆ ಹಾಗೇ ಉಳಿಯಿತು. ಒಳಗೆ ಬಂದು ಗಂಡನಿಗೆ ಫೋನ್ ಮಾಡಿದೆ. ಆ ವಾರವೂ ಅವರು ಬಂದಿರಲಿಲ್ಲ. ಎಲ್ಲ ಕೇಳಿ, "ನಿನ್ನ ಯಾವ ಫೈಲು ಯಾರು ತೆಗ್ದಿದಾರೆ ಅಂತ ಕಂಪ್ಯೂಟರೇ ತೋರ್ಸತ್ತೆ. ನಾನು ಹೇಳ್ದಂಗೆ ಒತ್ತುತ್ತಾ ಹೋಗು," ಎಂದರು. ಒತ್ತಿದೆ. ಪಟ್ಟಿ ತೆರೆದುಕೊಂಡಿತು. ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ನನ್ನ ಅರ್ಜಿ ತೆರೆದಿತ್ತು. ನೋಡುತ್ತಿದ್ದಂತೆ ಅದು ಪಟ್ಟಿಯಿಂದ ಹೋಗಿ ಮಗಳ ಹುಟ್ಟುಹಬ್ಬದ ಫೋಟೊದ ಹೆಸರು ಬಂತು. ಆಮೇಲೆ ಇನ್ನೊಂದು. ಆಮೇಲೆ ಭೀಮುನಿಪಟ್ಟಣದ ಕಡಲಲ್ಲಿ ಅವಳು ಒದ್ದೆಯಾಗಿ ನಿಂತ ಫೋಟೊ. ಗೋಡೆಯ ಆಚೆ ಕುರ್ಚಿ ಎಳೆದ ಸದ್ದು ನನಗೆ ಕೇಳಿಸಿತು.

ಕೇಬಲ್ ಕಿತ್ತೆ. ಐದು ನಿಮಿಷವೂ ಆಗಿರಲಿಲ್ಲ, ಬೆಲ್ ಆಯಿತು.

"ಕೇಬಲ್ ಬಿಚ್ಚೇದ ನೋಡ್ರಿ," ಎಂದರು ಕಾಕಾ, ನಗುತ್ತಲೇ.

"ನಾನೇ ತೆಗೆದೆ. ನಮ್ಮ ಫೈಲುಗಳನ್ನ ಯಾಕೆ ನೋಡಿದ್ರಿ?"

"ಬಾಗಿಲು ತಗದಿಟ್ಟಿದ್ರಿ, ನೋಡಿದೆ." ಮುಖದಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ.

ಮಗಳಿಗೆ ಒಳಗಿಂದ ಚಿಲಕ ಹಾಕಿಕೊಳ್ಳಲು ಹೇಳಿ, ನಮ್ಮದು ಏನೇನು ತೆಗೆದುಕೊಂಡಿದ್ದಾರೆಂದು ನೋಡಲು ಅವರ ಹಿಂದೆಯೇ ಅವರ ಮನೆಗೆ ಹೋದೆ. ಅವರ ಕಂಪ್ಯೂಟರಿನಲ್ಲಿ ನಮ್ಮ ಮನೆಯ ನಂಬರಿನ ಫೋಲ್ಡರಿತ್ತು. ಟಿಕೆಟ್, ಸ್ಕೂಲಿನ ಪತ್ರ, ಫೋಟೊ, ಎಲ್ಲ ತಿಂಗಳುವಾರು ಜೋಡಿಸಿದ್ದರು. ಅಳಿಸಿ ಎಂದೆ. ಮರುಮಾತಾಡದೆ ಅಳಿಸಿದರು. ಅಷ್ಟು ಸುಲಭವಾಗಿ ಅಳಿಸಿದ್ದೇ ನನಗೆ ಅನುಮಾನ ತಂದಿತು.

ಹೊರಡುವಾಗ ಅವರ ಹೆಂಡತಿ ಬಾಗಿಲವರೆಗೆ ಬಂದರು. ಯಾವತ್ತೂ ಹೆಚ್ಚು ಮಾತಾಡದ ಹೆಂಗಸು. ಪಿಸುದನಿಯಲ್ಲಿ, "ಇನ್ನೊಂದು ಡಿಸ್ಕಿನಾಗೂ ಅದಾವ್ರಿ. ಎಲ್ಲಿ ಇಡ್ತಾರಂತ ನನಗೂ ಗೊತ್ತಿಲ್ಲ. ಲಗೂನ ಮನಿ ಬಿಡ್ರಿ. ನಿಮ್ಮಕಿಂತ ಮೊದಲಿದ್ದವರೂ ಬಿಟ್ರು," ಎಂದರು.

ಮನೆ ಮಾಲೀಕರಿಗೆ ಹೇಳಿದರೆ "ಆಯನ ಚಾಲಾ ಮಂಚಿವಾರಂಡಿ," ಬಹಳ ಒಳ್ಳೆಯವರು, ಎಂದು ನನ್ನನ್ನೇ ಅನುಮಾನದಿಂದ ನೋಡಿದರು. ಗಂಡ ರಜೆ ಹಾಕಿ ಬಂದರು, ಇಬ್ಬರೂ ಹೋಗಿ ಪೊಲೀಸರಿಗೆ ದೂರು ಕೊಟ್ಟೆವು. ಪೊಲೀಸರು ಕಾಕಾ ಅವರ ಕಂಪ್ಯೂಟರ್ ನೋಡಿದರು, ಏನೂ ಸಿಗಲಿಲ್ಲ. ಡಿಸ್ಕಿನ ಬಗ್ಗೆ ಕೇಳಿದಾಗ ಆ ಹೆಂಗಸು, ನಾನು ಹಾಗೆ ಹೇಳಿಯೇ ಇಲ್ಲ ಎಂದುಬಿಟ್ಟರು. ವರ್ಗದ ಆದೇಶ ಬರುವವರೆಗೆ ಸಹೋದ್ಯೋಗಿಯೊಬ್ಬರ ಮನೆಯಲ್ಲಿದ್ದೆವು.

ಈಗ ಮೂವರೂ ವಿಜಯವಾಡದಲ್ಲಿದ್ದೇವೆ. ಆಮೇಲೆ ಏನೂ ನಡೆದಿಲ್ಲ. ನಮಗೆ ಗೊತ್ತಿರುವ ಮಟ್ಟಿಗೆ ನಡೆದಿಲ್ಲ. ಮಗಳಿಗೆ ಹದಿಮೂರು ತುಂಬಿದಾಗ ಎಲ್ಲವನ್ನೂ ಹೇಳಿದೆವು. ಅವಳು ಅಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ನಂದು ಯಾವ್ಯಾವ ಫೋಟೊ ಅಮ್ಮಾ?"

ಎಲ್ಲವೂ, ಎಂದು ಹೇಳಬೇಕಾಯಿತು.